ಯುದ್ಧದ ಕಪಾಟು

ಪಂಪು ತಯಾರಿಸುವ ಕಾರ್ಖಾನೆಯ ಗ್ರಂಥಪಾಲಕನಿಗೆ ಆ ಬೆಳಿಗ್ಗೆ ಕೆಟ್ಟ ಸುದ್ದಿ ತಂದವನು ಜೆರಾಕ್ಸ್ ಗುಮಾಸ್ತ. ಯಾವ ಸುದ್ದಿಯಾದರೂ ಅವನ ಬಾಯಿಂದಲೇ ಮೊದಲು ಹೊರಡುತ್ತಿದ್ದುದರಿಂದ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು.

"ಸಾರ್, ಸಾಯಂಕಾಲ ಮ್ಯಾನೇಜರ್ ಲೈಬ್ರರಿಗೆ ಬರ್ತಾರಂತೆ. ಯಾರೂ ಮುಟ್ಟದ ಕಪಾಟು ತೆಗೆಸಿ ಕಾಫಿ ಮೆಷಿನ್ ಇಡಿಸ್ತಾರಂತೆ. ನಿಮ್ಮ ಯುದ್ಧದ ಕಪಾಟಿಗೆ ಒಂದು ದೊಡ್ಡ ನಮಸ್ಕಾರ ಹಾಕಿಬಿಡಿ."

ಗ್ರಂಥಪಾಲಕ ಕಪಾಟಿನತ್ತ ತಿರುಗಿದ. ಕಳೆದ ಶತಮಾನದ ಯುದ್ಧಗಳು, ಗೆದ್ದ ಸೇನಾಪತಿಗಳ ಲೆಕ್ಕಾಚಾರ, ಸೋತವರ ಸಮಜಾಯಿಷಿ, ಎಲ್ಲವನ್ನೂ ಅವನೇ ಹುಡುಕಿ ತರಿಸಿದ್ದ. ಓದಿದವನೂ ಅವನೊಬ್ಬನೇ. ರಣರಂಗಗಳನ್ನೆಲ್ಲ ಅರೆದು ಕುಡಿದಿದ್ದರೂ, ಹೊಸಬರ ಮುಂದೆ ಮಾತಾಡಬೇಕೆಂದರೆ ಅವನ ನಾಲಿಗೆ ಒಣಗುತ್ತಿತ್ತು. ಕಪಾಟಿನ ಪಕ್ಕದ ಕುರ್ಚಿಯೇ ಅವನ ಸ್ವರ್ಗ.

ಯಾರೂ ಮುಟ್ಟದಿದ್ದರೆ ಮುಟ್ಟಿಸಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಕಸೂತಿ ಪುಸ್ತಕ ಹುಡುಕುತ್ತ ಟೈಪಿಸ್ಟ್ ಬಂದಳು.

"ತಂಗಿ ಮದುವೆ ತಯಾರಿ ಎಲ್ಲಿಗೆ ಬಂತಕ್ಕ?"

"ಕೇಳಬೇಡಿ. ಬರೋರನ್ನ ಎಲ್ಲಿ ಇಳಿಸೋದು, ಯಾವಾಗ ಉಣ್ಣಿಸೋದು, ಒಂದೂ ತೋಚ್ತಿಲ್ಲ."

"ಹಾಗಾದ್ರೆ ಇದನ್ನ ಓದಿ. ಇಡೀ ಸೈನ್ಯವನ್ನೇ ಸಮುದ್ರ ದಂಡೆಗೆ ಇಳಿಸಿದ ಕತೆ. ಹಾಸಿಗೆ, ಊಟ, ಎಲ್ಲದಕ್ಕೂ ಯೋಜನೆ ಇದೆ."

"ಗಂಡಿನ ಕಡೆಯೋರು ಮುನಿಸಿಕೊಂಡ್ರೆ?"

"ಅದಕ್ಕೂ ಒಂದು ಅಧ್ಯಾಯ ಇದೆ. ಒಂದೇ ಪಕ್ಷದ ಸೇನಾಪತಿಗಳು ತಮ್ಮತಮ್ಮಲ್ಲೇ ಕಿತ್ತಾಡಿದ್ದು."

ಕಸೂತಿ ಅಲ್ಲೇ ಉಳಿಯಿತು.

ಮಹಡಿ ಮನೆಯವನೊಂದಿಗೆ ನೀರಿಗಾಗಿ ಜಗಳವಾಡುತ್ತಿದ್ದ ಲೆಕ್ಕಿಗನಿಗೆ ಕದನವಿರಾಮದ ಮಾತುಕತೆಗಳ ಪುಸ್ತಕ ಸಿಕ್ಕಿತು. ರಾತ್ರಿಯೆಲ್ಲ ಚಳಿಯಲ್ಲಿ ಗೇಟು ಕಾಯುವ ವಾಚ್‌ಮನ್‌ಗೆ ಹಿಮದಲ್ಲಿ ಸಿಕ್ಕಿಕೊಂಡ ಸೈನ್ಯದ ಕತೆ ಹೋಯಿತು. ಕ್ಯಾಂಟೀನಿನ ಅಡುಗೆಯವನು, ಊಟ ತಲುಪದೆ ಸೋತ ಸೈನ್ಯದ ಇತಿಹಾಸವನ್ನು ಎದೆಗೊತ್ತಿಕೊಂಡು, "ಇದನ್ನೇ ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು" ಎಂದು ಹೊರಟ. ರೇಡಿಯೋ ಸುಮ್ಮನಿದ್ದಾನೆಯೇ? ಲೈಬ್ರರಿಯಲ್ಲಿ ಮನೆ ಕಷ್ಟಕ್ಕೆಲ್ಲ ಔಷಧಿ ಸಿಗುತ್ತದೆಂದು ಕಾರ್ಖಾನೆಯೆಲ್ಲ ಸಾರಿದ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಜಲಾಂತರ್ಗಾಮಿಯೊಳಗಿನ ಇಕ್ಕಟ್ಟಿನ ಬದುಕಿನ ಪುಸ್ತಕಕ್ಕಾಗಿ ಇಬ್ಬರು ಫಿಟ್ಟರುಗಳು ಜಗ್ಗಾಡಿದರು. ಇಬ್ಬರದೂ ಒಂದೇ ಕೋಣೆಯ ಮನೆ, ತುಂಬಿದ ಸಂಸಾರ.

ಸಾಯಂಕಾಲದ ಹೊತ್ತಿಗೆ ಕಪಾಟಿನಲ್ಲಿ ಧೂಳು ಮಾತ್ರ ಉಳಿದಿತ್ತು.

ಮ್ಯಾನೇಜರ್ ಬಂದವರೇ ಕನ್ನಡಕ ಸರಿಮಾಡಿಕೊಂಡರು. "ಖಾಲಿ ಕಪಾಟು ಯಾಕ್ರೀ ಇಟ್ಕೊಂಡಿದ್ದೀರಿ? ತೆಗೆಸಿ."

ಗ್ರಂಥಪಾಲಕ ಬಾಯಿ ತೆರೆದ.

"ಬೆಳಿಗ್ಗೆ ತುಂಬಿತ್ತು ಸಾರ್," ರೇಡಿಯೋ ನಡುವೆ ಬಾಯಿ ಹಾಕಿದ. "ಎಲ್ಲಾ ಯುದ್ಧದ ಪುಸ್ತಕ. ಇವರೇ ಒಬ್ಬೊಬ್ಬರಿಗೂ ಹೇಳಿ ಹೇಳಿ ಕೊಟ್ಟಿದ್ದು."

"ಯುದ್ಧದ್ದಾ? ಯಾರಿಗೆ?"

"ಟೈಪಿಸ್ಟ್ ಅಕ್ಕನಿಗೆ, ಅಡುಗೆಯೋರಿಗೆ, ವಾಚ್‌ಮನ್‌ಗೆ. ಕಸೂತಿ ಕೇಳೋಕೆ ಬಂದೋರೂ ಸೈನ್ಯ ಹಿಡ್ಕೊಂಡು ಹೋದ್ರು."

ಮ್ಯಾನೇಜರ್ ಕಪಾಟಿನ ಧೂಳಿನ ಮೇಲೆ ಬೆರಳಾಡಿಸಿದರು. "ಕಪಾಟು ಇಲ್ಲೇ ಇರಲಿ," ಎಂದರು.

ಗ್ರಂಥಪಾಲಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಅವರ ಮಾತು ಮುಗಿದಿರಲಿಲ್ಲ.

"ಯಾರಿಗೂ ಬೇಡದ್ದನ್ನ ಒಂದೇ ದಿನದಲ್ಲಿ ಎಲ್ಲರ ಕೈಗೂ ದಾಟಿಸಿದೋರು ನೀವು. ಗೋದಾಮಿನಲ್ಲಿ ಹಳೇ ಮಾದರಿ ಪಂಪುಗಳು ತುಕ್ಕು ಹಿಡೀತಾ ಇವೆ. ನಾಳೆಯಿಂದ ನೀವು ಸೇಲ್ಸ್. ಊರೂರು ತಿರುಗಬೇಕು, ಹೊಸಬರ ಹತ್ತಿರ ಮಾತಾಡಬೇಕು. ನಿಮಗೇನು, ನೀರು ಕುಡಿದಷ್ಟು ಸುಲಭ."

"ಸಾರ್, ಲೈಬ್ರರಿ..."

"ಇವನು ನೋಡ್ಕೋತಾನೆ," ಎಂದು ರೇಡಿಯೋನ ಹೆಗಲು ತಟ್ಟಿ ಮ್ಯಾನೇಜರ್ ಹೊರಟುಹೋದರು.

ರೇಡಿಯೋ ಆಗಲೇ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದ್ದ. ಗ್ರಂಥಪಾಲಕ ಚೀಲ ಹೆಗಲಿಗೇರಿಸಿದ. "ರೈಲಲ್ಲಿ ಓದೋಕೆ ಒಂದು ಪುಸ್ತಕನಾದ್ರೂ ಇದ್ದಿದ್ರೆ," ಎಂದ.

ರೇಡಿಯೋ ಅವನನ್ನು ಮೇಲಿಂದ ಕೆಳಗೆ ನೋಡಿ ಗಂಭೀರವಾಗಿ ಯೋಚಿಸಿದ.

"ನಿಮ್ಮ ಪರಿಸ್ಥಿತಿಗೆ ಸಾರ್, ಹಿಮದಲ್ಲಿ ಹಿಮ್ಮೆಟ್ಟಿದ ಸೈನ್ಯದ್ದು ಸರಿಹೋಗ್ತಿತ್ತು. ಅದನ್ನ ನೀವೇ ವಾಚ್‌ಮನ್‌ಗೆ ಕೊಟ್ಟುಬಿಟ್ರಿ."