ಟಗರಿಗೆ ವರಪರೀಕ್ಷೆ

ನಮ್ಮ ಮಾವ ತನ್ನ ಕುರಿಗಳ ಸಂಬಂಧ ಬೆಳೆಸಲು ಮಾಡುವಷ್ಟು ವಿಚಾರವನ್ನು ನಮ್ಮ ಮನೆತನದಲ್ಲಿ ಯಾರೂ ಮನುಷ್ಯರ ಮದುವೆಗೆ ಮಾಡಿಲ್ಲ. ಸುಳ್ಳು ಅನ್ನಿಸಿದರೆ ಒಮ್ಮೆ ಜೈನಾಪುರಕ್ಕೆ ಬಂದು ಅವನ ಹಟ್ಟಿಯ ಮುಂದೆ ಕೂತು ನೋಡಿ!

ಮಾವ ಎಂದರೆ ನನ್ನ ಅವ್ವನ ತಮ್ಮ. ಹಿಂದೊಮ್ಮೆ ಅವನ ಹಿಂಡಿನ ಮರಿಗಳು ವರ್ಷದಿಂದ ವರ್ಷಕ್ಕೆ ಬಡಕಲಾಗಿ, ಎದ್ದು ನಿಂತು ಮೊಲೆ ಕುಡಿಯಲೂ ಆಗದೆ ಸಾಯತೊಡಗಿದವು. ದನದ ಡಾಕ್ಟರು ಬಂದು ನೋಡಿದರು. "ಒಂದ ಟಗರ ಇಟಗೊಂಡು ಅದರ ಮಕ್ಕಳು ಮೊಮ್ಮಕ್ಕಳಿಗೂ ಅದನ್ನ ಬಿಟ್ರ ಹಿಂಗ ಆಗ್ತೈತಿ. ಹೊರಗಿನ ರಕ್ತ ತರ್ರಿ" ಎಂದರಂತೆ. ಅಂದು ಹಿಡಿದ ಹುಚ್ಚು ಮಾವನನ್ನು ಇನ್ನೂ ಬಿಟ್ಟಿಲ್ಲ.

ಹೊಸ ಟಗರು ತರಲು ತಿಕೋಟಾಕ್ಕೆ ಹೋಗುವುದೆಂದರೆ ಥೇಟ್ ವರ ನೋಡುವ ಶಾಸ್ತ್ರ. ಒಮ್ಮೆ ನಾನೂ ಜೊತೆಗಿದ್ದೆ. ಇಸ್ತ್ರಿ ಮಾಡಿದ ಅಂಗಿ, ಹೊಸ ಟೊಪ್ಪಿಗೆ! ಚಹಾ ಕುಡಿದವನೇ ವಿಚಾರಣೆಗೆ ಕೂತ. ಇದರ ಅಪ್ಪ ಯಾರು? ಅವ್ವ ಯಾವ ಊರಿನವಳು? ನಮ್ಮ ಬಬಲೇಶ್ವರದ ಕಡೆ ಬಂಧುಬಳಗ ಉಂಟೇ? ಟಗರು ಮಾರುವವನಿಗೆ ತಲೆ ಕೆಟ್ಟಿತು.

"ಯಜಮಾನ್ರ, ನಾ ಟಗರ ಕೊಡಾಕತ್ತೇನ್ರಿ, ಮಗಳನ್ನ ಕೊಡಾಕತ್ತಿಲ್ಲ!"

"ಮಗಳಾಗಿದ್ರ ಇಷ್ಟ್ಯಾಕ ಕೇಳ್ತಿದ್ನಿ ಬಿಡ್ರಿ! ಟಗರ ಅಂತನ ಕೇಳಾಕತ್ತೇನಿ."

ಹುಚ್ಚು ಟಗರಿಗೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಒಮ್ಮೆ ವಿಜಯಪುರದ ಗಾಂಧಿ ಚೌಕದ ಸೀರೆ ಅಂಗಡಿಯಲ್ಲಿ ಮಾವನ ಪಕ್ಕ ಕೂತವರು ಮದುವೆ ಜವಳಿ ತೆಗೆಯುತ್ತಿದ್ದರು. ಹುಡುಗಿಯನ್ನು ಸೋದರಮಾವನಿಗೇ ಕೊಡುತ್ತಿದ್ದಾರೆಂದು ತಿಳಿದದ್ದೇ ತಡ, ಕುರಿ ಪುರಾಣ ಶುರು! ಅಂಗಡಿಯವನು ಕೈಮುಗಿದ. "ಕಾಕಾ, ಮೊದಲ ಸೀರಿ ಮಾರ್ತೇನ್ರಿ, ಆಮ್ಯಾಲ ಬೇಕಾದ್ರ ಲಗ್ನ ಮುರೀರಿ."

ನಗುತ್ತಿದ್ದ ನಮಗೂ ಬಿಸಿ ತಟ್ಟಿದ್ದು ನನ್ನ ಮದುವೆಯ ಮಾತು ಬಂದಾಗ. ನಮ್ಮದು ಎರಡು ಮನೆಗಳ ಲೋಕ. ಹೆಣ್ಣು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಮಾವನ ಹೆಂಡತಿ ನಮ್ಮಜ್ಜಿಗೆ ತಮ್ಮನ ಮಗಳೂ ಹೌದು, ಸೊಸೆಯೂ ಹೌದು! ನಾನು ಹುಟ್ಟಿದಾಗಲೇ ಅವ್ವ ನನ್ನನ್ನು ಮಾವನ ಮಗನಿಗೆಂದು ಗಟ್ಟಿ ಮಾಡಿದ್ದಳು. ಮಾವ ಎಲ್ಲರೆದುರು "ಬ್ಯಾಡ" ಎಂದುಬಿಟ್ಟ.

"ನನ್ನ ಮಗಳಿಗೆ ಏನ್ ಕಡಿಮಿ ಆಗೇತೋ?" ಎಂದಳು ಅವ್ವ.

"ಏನೂ ಕಡಿಮಿ ಇಲ್ಲಕ್ಕಾ. ಸಂಬಂಧನ ಜಾಸ್ತಿ ಆಗೇತಿ."

ಅವ್ವ ಅವತ್ತೇ ತಮ್ಮನ ಜೊತೆ ಮಾತು ಬಿಟ್ಟಳು. ನನಗೂ ಸಿಟ್ಟೇ. ಹುಡುಗನ ಮೇಲೆ ಆಸೆಯಿತ್ತೆಂದಲ್ಲ, ಟಗರಿನ ಪರೀಕ್ಷೆಯಲ್ಲಿ ಫೇಲಾದೆನಲ್ಲ ಎಂದು!

ಕೊನೆಗೆ ಮಾವನೇ ಓಡಾಡಿ ವಿಜಯಪುರದ ಅಥಣಿ ರಸ್ತೆಯಲ್ಲಿ ವರ ಹುಡುಕಿದ.

"ನಿಮ್ಮ ಮಂದಿ ಯಾರರ ನಮ್ಮ ಕಡಿಂದ ಹೆಣ್ಣ ತಂದಾರೇನ್ರಿ?"

"ಯಾರೂ ಇಲ್ರಿ."

"ಭಾಳ ಛಲೋ ಆತ್ರಿ!"

ಏನೂ ಸಂಬಂಧವಿಲ್ಲದ್ದಕ್ಕೆ ಇಷ್ಟು ಮರ್ಯಾದೆ ತನಗೆಲ್ಲೂ ಸಿಕ್ಕಿಲ್ಲ ಎಂದು ನನ್ನ ಗಂಡ ಇಂದಿಗೂ ಹೇಳುತ್ತಾನೆ. ಮದುವೆಯಲ್ಲಿ ಅವ್ವ ತಮ್ಮನ ಎಲೆಗೆ ಮೇಲಿಂದ ಮೇಲೆ ಹೋಳಿಗೆ ಬಡಿಸಿದಳು, ಬಾಯಿ ಮಾತ್ರ ಬಿಡಲಿಲ್ಲ. ಮಾವ ಹೋಳಿಗೆ ಮುರಿಯುತ್ತ ಅವಳ ಮುಖವನ್ನೇ ನೋಡುತ್ತಿದ್ದ.

ಮಾವನಿಗೆ ಒಬ್ಬ ಮಗಳಿದ್ದಾಳೆ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಹಿಂಡನ್ನು ಆಳುವವಳು ಅವಳೇ. ಅಪ್ಪನನ್ನೂ ಕೈಸನ್ನೆಯಲ್ಲೇ ಗದರಿಸಿ ಕೂರಿಸುತ್ತಾಳೆ. ಅದೊಂದು ಕೊರತೆ ಎಂದು ಅವಳಿಗೂ ಅನ್ನಿಸಿದಂತಿರಲಿಲ್ಲ, ನಮಗೂ ಅನ್ನಿಸಿರಲಿಲ್ಲ. ಮಾವನಿಗೆ ಏನನ್ನಿಸುತ್ತದೆ ಎಂದು ನಾವು ಯಾರೂ ಕೇಳಿರಲಿಲ್ಲ.

ನಾನು ಹಡೆದು ಬಬಲೇಶ್ವರದಲ್ಲಿ ಅವ್ವನ ಮನೆಯಲ್ಲಿದ್ದಾಗ ಮಾವ ಕೂಸು ನೋಡಲು ಬಂದ. ಬಂದವನು ಸದ್ದಿಲ್ಲದೆ ತೊಟ್ಟಿಲ ಹಿಂದೆ ನಿಂತು ಫಟ್ಟನೆ ಚಪ್ಪಾಳೆ ಹೊಡೆದ! ಮಲಗಿದ್ದ ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಬೈಯಬೇಕೆಂದು ಬಾಯಿ ತೆರೆದೆ. ಮಾವ ತೊಟ್ಟಿಲ ಹಗ್ಗ ಹಿಡಿದುಕೊಂಡು ಅಳುತ್ತಿದ್ದ.

ಸೋದರಮಾವನ ಮಗಳನ್ನು ಮಾಡಿಕೊಂಡು ತಾನೇ ಮಗಳ ಕಿವಿ ಕಸಿದೆ ಎಂದು ಈ ಮನುಷ್ಯ ಇಷ್ಟು ವರ್ಷ ಒಳಗೇ ಬೇಯುತ್ತಿದ್ದನೆಂದು ನನಗೆ ತಿಳಿದದ್ದು ಆಗ. ಅವನು ನನ್ನನ್ನು ಬೇಡವೆಂದಿರಲಿಲ್ಲ, ಇನ್ನೂ ಹುಟ್ಟದ ನನ್ನ ಕೂಸಿನ ಪರವಾಗಿ ಬೇಡವೆಂದಿದ್ದ. ನನಗೆ ಅವನ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿ ಬಂತು.

ಚೀರಾಟ ಕೇಳಿ ಅವ್ವ ಅಡುಗೆಮನೆಯಿಂದ ಓಡಿ ಬಂದಿದ್ದಳು. ಮಾವ ಅವಳ ಕಡೆ ತಿರುಗಿದ.

"ಅಕ್ಕಾ, ಕೂಸಿಗೆ ಕೇಳಸ್ತು ಬೇ!"

ಅವ್ವ ಹತ್ತಿರ ಬಂದು ಸೆರಗಿನಿಂದ ತಮ್ಮನ ಕಣ್ಣು ಒರೆಸಿದಳು.

"ಕೇಳಸ್ತೋ ತಮ್ಮಾ," ಎಂದಳು. "ಕೇಳಸ್ತು."