ಏಟಿಗೆ ಬಗ್ಗದ ಹಲಗೆ

ಹೊಡೆದಾಟದ ಸಿನಿಮಾಗಳ ಹಳೆಯ ಹೀರೋ ಸಂಜೆ ತಮ್ಮ ಹೊಸ ಮಂಚ-ಮೇಜಿನ ಅಂಗಡಿಯ ಉದ್ಘಾಟನೆಗೆ ಬರುತ್ತಾರೆಂದು ಯಜಮಾನರು ಹೇಳಿದ್ದೇ ತಡ, ಬಡಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹುಡುಗನಾಗಿದ್ದಾಗ, ಆ ಹೀರೋ ತೆರೆಯ ಮೇಲೆ ಒಂದೇ ಏಟಿಗೆ ಹಲಗೆ ಮುರಿದದ್ದನ್ನು ನೋಡಿ ಬಂದು ಅಮ್ಮನ ಮಣೆಗೆ ಗುದ್ದಿ ಕೈ ಊದಿಸಿಕೊಂಡಿದ್ದ. ಊದದೆ ಉಳಿದಿದ್ದ ಜಾಗಗಳನ್ನು ಅಪ್ಪ ನೋಡಿಕೊಂಡಿದ್ದ. ಭಕ್ತಿ ಮಾತ್ರ ಇಳಿದಿರಲಿಲ್ಲ.

"ಯಜಮಾನ್ರೇ, ಅವರ ಮುಂದೆ ನಾನೊಂದು ಹಲಗೆ ಮುರೀತೀನಿ. ಅವರ ಬಾಯಲ್ಲಿ ಒಂದು ಶಭಾಷ್ ಕೇಳಿಬಿಟ್ರೆ ಸಾಕು."

"ಕೈ ಮುರ್ಕೊಂಡ್ರೆ ನಾಳೆ ಮಂಚ ಯಾರಪ್ಪಾ ಮಾಡೋದು?" ಎಂದು ಗೊಣಗಿದರೂ, ಜನ ಸೇರುತ್ತಾರೆಂಬ ಆಸೆಗೆ ಯಜಮಾನರು ಒಪ್ಪಿದರು.

ಬಡಗಿ ಊಟ ಮುಗಿಸಿ ಬಂದು, ಆರಿಸಿಟ್ಟಿದ್ದ ಹಲಗೆಯ ಬೆನ್ನು ಸವರಿದ. ಬೆರಳು ತಡೆಯಿತು. ಯಾರೋ ಮುಕ್ಕಾಲು ಪಾಲು ಗರಗಸದಿಂದ ಕೊಯ್ದು, ಸಂದಿಗೆ ಮೇಣ ತುಂಬಿದ್ದರು.

ಪಾಲಿಶ್ ಹಚ್ಚುವವನು ಹಲ್ಲು ಕಿರಿದ. "ನಾನೇ ಕಣಣ್ಣಾ. ಅತ್ತಿಗೆ ಬಂದು ಅತ್ರು, ಹೆಂಗಾದ್ರೂ ಕೈ ಉಳಿಸಪ್ಪಾ ಅಂತ. ಈಗ ನೀನು ಉಫ್ ಅಂದ್ರೂ ಮುರಿಯುತ್ತೆ."

ಗುರುವಿನ ಕಣ್ಣೆದುರೇ ಮೋಸವೇ! ಬಡಗಿಯ ರಕ್ತ ಕುದಿಯಿತು. ಆದರೆ ಬೈದರೆ ಈ ಪುಣ್ಯಾತ್ಮ ಇನ್ನೊಂದನ್ನೂ ಕೊಯ್ದಾನು ಎಂದು ಬಾಯಿ ಮುಚ್ಚಿಕೊಂಡ. ಯಾರೂ ಇಲ್ಲದಾಗ ಅದನ್ನು ಬಚ್ಚಿಟ್ಟು, ಅದೇ ಬಣ್ಣದ, ಅದೇ ಅಳತೆಯ ಗಟ್ಟಿ ಹಲಗೆಯನ್ನು ಆ ಜಾಗಕ್ಕೆ ತಂದಿಟ್ಟ. ಕೈ ಹೋದರೂ ಸರಿ, ಏಟು ಮಾತ್ರ ಸಾಚಾ ಆಗಿರಬೇಕು.

ಸಂಜೆ ಹೀರೋ ಬಂದರು. ಗಾಜಿನ ಬೀರು ಇಳಿಸುವ ಹಾಗೆ ಇಬ್ಬರು ಅವರನ್ನು ಕಾರಿನಿಂದ ಇಳಿಸಿದರು. ಬಡಗಿ ತೋಳು ಮಡಚಿ, ಉಸಿರು ಕಟ್ಟಿ ಕೈ ಎತ್ತಿದ.

"ನೀವೇ ಹೊಡೀರಿ ಸಾರ್! ನೀವೇ!" ಎಂದು ಜನ ಕೂಗಿದರು.

ಹೀರೋ ಮುಖ ಬಿಳಿಚಿಕೊಂಡಿತು. ಪಾಲಿಶಿನವನು ಓಡಿ ಯಜಮಾನರ ಕಿವಿಯಲ್ಲಿ ಗುಟ್ಟು ಉಸುರಿದ. ಯಜಮಾನರು ಹೀರೋ ಕಿವಿಗೆ ಬಗ್ಗಿದರು: "ಹೆದರ್ಬೇಡಿ ಸಾರ್, ಹಲಗೆ ಬೆನ್ನಿಗೆ ಮೊದ್ಲೇ ಕೊಯ್ದಿಟ್ಟಿದೀವಿ."

ಹೀರೋಗೆ ಹಳೆಯ ಹುರುಪೆಲ್ಲ ಮರಳಿತು. ಕೋಟು ಬಿಚ್ಚಿ ಎಸೆದರು.

"ಬೇಡಿ ಸಾರ್! ಅದು ಆ ಹಲಗೆ ಅಲ್ಲ..." ಬಡಗಿ ನುಗ್ಗಿದ.

"ಸುಮ್ನಿರಣ್ಣಾ, ಅವರಿಗೆಲ್ಲಾ ಹೇಳಿದೀವಿ," ಎಂದು ಪಾಲಿಶಿನವನು ಅವನನ್ನು ತಬ್ಬಿ ಹಿಡಿದ.

ಲಟಕ್!

ಜನ ಚಪ್ಪಾಳೆ ತಟ್ಟಿದರು. ಹಲಗೆ ಮಾತ್ರ ಇದ್ದಂತೆಯೇ ಇತ್ತು.

ಹೀರೋ ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಕಚ್ಚಿ, "ಶಭಾಷ್... ಎಂಥಾ ಮರ!" ಎಂದರು. ಅವರನ್ನು ಮತ್ತೆ ಕಾರಿಗೆ ಏರಿಸಿದರು.

ಯಜಮಾನರು ತಕ್ಷಣ ಮೈಕು ಹಿಡಿದರು. "ಕೇಳಿದ್ರಲ್ಲಾ! ಹೀರೋ ಹೊಡೆದ್ರೂ ಮುರಿಯದ ಮರ!"

ಜನ ಮಂಚ, ಮೇಜುಗಳಿಗೆ ಮುಗಿಬಿದ್ದರು. ಆದರೆ ಕೊಳ್ಳುವವರು ಬುದ್ಧಿವಂತರು, ಒಂದೊಂದಕ್ಕೂ ಗುದ್ದಿ ತೋರಿಸಿ ಎಂದು ಹಟ ಹಿಡಿದರು.

ಯಜಮಾನರು ಬಡಗಿಯ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಂತಿದ್ದ ಮಂಚಗಳನ್ನು ತೋರಿಸಿದರು.

"ಶುರು ಮಾಡಪ್ಪಾ, ಆಸೆ ತೀರೋವರೆಗೂ ಹೊಡಿ. ಮುರೀಬಾರ್ದು, ಅಷ್ಟೇ."