ಗಂಡನ ಕೆಂಪು, ಹೆಂಡತಿಯ ಬೂದು

ಹೆಂಡತಿ: ಹೆಣ್ಣು ನೋಡೋಕೆ ಬಂದೋರ ಹಂಗೆ ಟ್ರ್ಯಾಕ್ಟರ್ ಬಣ್ಣ ನೋಡ್ತಾ ನಿಂತಿದ್ದೀರಲ್ಲ! ನೆಲದ ಹದ ಆರೋದ್ರೊಳಗೆ ಉಳಬೇಕು. ಹೋದ ವರ್ಷ ಹೊಲ ಬೀಳು ಬಿಟ್ಟಿದ್ದು ಸಾಕು.

ಗಂಡ: ಉಳೋಕೇ ಕಣೇ ನೋಡ್ತಿರೋದು! ನಮ್ಮಪ್ಪನ ವಯಸ್ಸಿನ ಗಾಡಿ, ಮುಖದ ಮೇಲೆ ಒಂದು ಸುಕ್ಕಿಲ್ಲ.

ಹೆಂಡತಿ: ನಿಮ್ಮಪ್ಪನಿಗೂ ಇಷ್ಟು ಬಣ್ಣ ಬಳಿದಿದ್ರೆ ಸುಕ್ಕು ಕಾಣ್ತಿರಲಿಲ್ಲ.

(ಹಳೇ ಟ್ರ್ಯಾಕ್ಟರ್ ಮಾರುವವನ ತಗಡಿನ ಕೊಟ್ಟಿಗೆ. ಅದರಡಿ ಎರಡು ಪುಟ್ಟ ಟ್ರ್ಯಾಕ್ಟರು. ಕೆಂಪಿನದು ಕನ್ನಡಿಯಂತೆ ಹೊಳೆಯುತ್ತಿದೆ. ಬೂದು ಬಣ್ಣದ್ದರ ಸೀಟಿಗೆ ಗೋಣಿಚೀಲ, ಚಕ್ರಕ್ಕೆ ಹಸಿ ಕೆಸರು. ದುಡಿಯುವುದಕ್ಕೆ ಯಾರು ತಾನೇ ಬಣ್ಣ ಬಳಿಯುತ್ತಾರೆ?)

ವ್ಯಾಪಾರಿ: ಅಣ್ಣನ ಕಣ್ಣಂದ್ರೆ ಕಣ್ಣು! ಕೀಲಿ ತಿರುಗಿಸಿ ನೋಡಣ್ಣಾ.

(ಕೆಂಪು ಒಂದೇ ಸಲಕ್ಕೆ ಗುಡುಗಿತು. ಗಂಡನ ಕೈ ಮೀಸೆಗೆ ಹೋಯಿತು. ಹೆಂಡತಿಯ ಕೈ ಬಾನೆಟ್ಟಿಗೆ.)

ಹೆಂಡತಿ: ಅಯ್ಯಪ್ಪಾ, ಸುಡ್ತಾ ಇದೆ! ನಾವು ಬರೋ ಮುಂಚೆನೇ ಎಬ್ಬಿಸಿ ಇಟ್ಟಿದ್ದೀಯಲ್ಲ?

ವ್ಯಾಪಾರಿ: ಬಿಸಿಲಕ್ಕಾ, ಬಿಸಿಲು.

ಹೆಂಡತಿ: ತಗಡಿನ ನೆರಳಲ್ಲಿ ಇದೊಂದಕ್ಕೇ ಬಿಸಿಲಾ? ಆರಿಸು. ತಣ್ಣಗಾದ ಮೇಲೂ ಏಳುತ್ತಾ ನೋಡೋಣ. ಅಲ್ಲೀವರೆಗೂ ಇಲ್ಲೇ ಕೂತಿರ್ತೀನಿ.

ಗಂಡ: ಮಾನ ಕಳೀಬೇಡ ಕಣೇ!

ಹೆಂಡತಿ: ಹೊಲದ ಮಧ್ಯೆ ಇದು ಕೈಕೊಟ್ಟಾಗ ಮಾನ ಉಳಿಯುತ್ತಾ? ಆ ಬೂದು ಬಣ್ಣದ್ದು ಏನು ಕಥೆ?

ವ್ಯಾಪಾರಿ: ಅದಾ? ಮುದಿಗೊಡ್ಡು ಅಕ್ಕಾ. ಅರ್ಧ ಬೆಲೆಗೆ ಕೇಳಿದ್ರೂ ಕೊಟ್ಟು ಕೈತೊಳ್ಕೊಳ್ತೀನಿ.

(ಕೂತರು. ವ್ಯಾಪಾರಿ ಎರಡು ಸಲ ಟೀ ತರಿಸಿದ. ಹೆಂಡತಿ ಎರಡೂ ಸಲ ಕುಡಿದಳು, ಏಳಲಿಲ್ಲ. ಬಾನೆಟ್ಟು ತಣ್ಣಗಾಯಿತು. ಗಂಡ ಕೀಲಿ ತಿರುಗಿಸಿದ. ಕಿರ್ರ್... ಕಿರ್ರ್... ಆಮೇಲೆ ಅದೂ ಇಲ್ಲ.)

ಗಂಡ: ಬೆಳಿಗ್ಗೆ ನಾನೂ ಹಿಂಗೇ ಅಲ್ವೇನೇ ಏಳೋದು?

ಹೆಂಡತಿ: ನಿಮ್ಮನ್ನ ಬೈದು ಎಬ್ಬಿಸ್ತೀನಿ. ಇದಕ್ಕೆ ಕಿವಿ ಎಲ್ಲಿದೆ?

ವ್ಯಾಪಾರಿ: ಒಂದೇ ನಿಮಿಷ ಅಕ್ಕಾ!

(ಓಡಿಹೋಗಿ ಸರಪಳಿ ತಂದ. ಕೆಂಪಿನ ಮೂತಿಗೂ ಬೂದಿನ ಬೆನ್ನಿಗೂ ಬಿಗಿದ. ಗಂಡನನ್ನು ಕೆಂಪಿನ ಮೇಲೇ ಕೂರಿಸಿ ತಾನು ಬೂದನ್ನೇರಿದ. ಬೂದು ಒಂದೇ ಏಟಿಗೆ ಎದ್ದು, ಕೆಂಪನ್ನು ಅಂಗಳದ ತುಂಬ ದರದರ ಎಳೆಯಿತು. ಕೆಂಪು ಕೆಮ್ಮಿತು, ಹೊಗೆ ಉಗುಳಿತು, ಎದ್ದಿತು.)

ವ್ಯಾಪಾರಿ: ನೋಡಿದ್ರಾ ಅಕ್ಕಾ, ತಾಕತ್ತು!

ಹೆಂಡತಿ: ಕಣ್ತುಂಬಾ ನೋಡ್ದೆ. ಸರಪಳಿ ಬಿಚ್ಚು. ಮುಂದಿರೋದು ನಮಗೆ. ಅರ್ಧ ಬೆಲೆ ಅಂದಿದ್ದೀಯ.

(ವ್ಯಾಪಾರಿಯ ಮುಖ ಇಳಿಯಿತು. ಗಂಡ ಕೆಂಪಿನಿಂದ ಇಳಿಯಲೇ ಇಲ್ಲ.)

ವ್ಯಾಪಾರಿ: ಅಯ್ಯೋ, ಅದನ್ನ ಕೊಟ್ಟುಬಿಟ್ರೆ ನಾಳೆ ಬರೋ ಗಿರಾಕಿ ಮುಂದೆ ಈ ಕೆಂಪನ್ನ ಯಾರಕ್ಕಾ ಎಬ್ಬಿಸ್ತಾರೆ?

ಹೆಂಡತಿ (ಗೋಣಿಚೀಲ ಕೊಡವಿ ಬೂದಿನ ಸೀಟಿಗೆ ಹತ್ತುತ್ತಾ): ಹೇಳಿ ಕಳಿಸು, ನಮ್ಮೆಜಮಾನ್ರು ಇದನ್ನ ತಂದು ಎಳೀತಾರೆ. ಕೆಂಪು ಅಂದ್ರೆ ಉಣ್ಣೋ ತಟ್ಟೆ ಬಿಟ್ಟು ಓಡಿ ಬರ್ತಾರೆ.